ಶೇಡಿಂಗ್ ಮಾಡಿದರೂ ಹಿತ್ತಾಳೆ ಚೊಂಬು ಚಪ್ಪಟೆಯಾಗೇ ಕಾಣುತ್ತೆ, ಏನು ಮಾಡಲಿ?

ಮಂಡ್ಯ_ಪೆನ್ಸಿಲ್:

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವಳು, ಸೆಕೆಂಡ್ ಪಿಯುಸಿ ಮುಗಿಸಿದ್ದೇನೆ. ಮೈಸೂರಿನ ಚಿತ್ರಕಲಾ ಕಾಲೇಜು ಕಾವಾದಲ್ಲಿ ಸೇರಬೇಕು ಅನ್ನೋ ಆಸೆ ಇದೆ. ಅದಕ್ಕೇ ಮನೆಯಲ್ಲಿ ಕೂತು ವಸ್ತುಚಿತ್ರ ಅಭ್ಯಾಸ ಮಾಡುತ್ತಿದ್ದೇನೆ.

ಅಜ್ಜಿಯ ಹಿತ್ತಾಳೆ ಚೊಂಬು, ಎರಡು ನಿಂಬೆಹಣ್ಣು, ಒಂದು ಅಚ್ಚು ಬೆಲ್ಲ. ಎಲ್ಲವನ್ನೂ ಬಿಳಿ ಪಂಚೆ ಮೇಲೆ ಇಟ್ಟು ಬರೆದಿದ್ದೇನೆ. ಫೋಟೋ ಹಾಕಿದ್ದೇನೆ, ನೋಡಿ. ಅಳತೆ ಪರವಾಗಿಲ್ಲ ಅನ್ನಿಸುತ್ತೆ. ಚೊಂಬಿನ ಬಾಯಿಯೂ ಸರಿಯಾಗಿ ಬಂದಿದೆ. ಆದರೆ ಎಷ್ಟು ಶೇಡ್ ಮಾಡಿದರೂ ಎಲ್ಲಾ ದೋಸೆ ಥರ ಕಾಗದಕ್ಕೆ ಅಂಟಿಕೊಂಡೇ ಇರುತ್ತೆ. ಉಬ್ಬಿ ಕಾಣುತ್ತಿಲ್ಲ.

ನಾನು ಮಾಡೋದು ಇಷ್ಟು. ಮೊದಲು ಔಟ್‌ಲೈನ್. ಆಮೇಲೆ ಎಚ್‌ಬಿ ಪೆನ್ಸಿಲ್‌ನಲ್ಲಿ ಅಂಚಿನ ಸುತ್ತ ಕಪ್ಪು ಮಾಡಿ, ಒಳಗೆ ಬರುತ್ತಾ ತೆಳು ಮಾಡುತ್ತೇನೆ. ಬೆರಳಲ್ಲಿ ಉಜ್ಜುತ್ತೇನೆ. ಕೊನೆಗೆ ಹೊಟ್ಟೆಯ ಮಧ್ಯದಲ್ಲಿ ರಬ್ಬರಿನಿಂದ ಒಂದು ಬಿಳಿ ಹೈಲೈಟ್. ಯೂಟ್ಯೂಬ್‌ನಲ್ಲಿ ಹೀಗೇ ತೋರಿಸುತ್ತಾರೆ ಅಲ್ವಾ? ಹೈಲೈಟ್ ಎಲ್ಲಿ ಬರಬೇಕು, ಕಪ್ಪು ಎಷ್ಟು ಇರಬೇಕು, ಯಾರಾದರೂ ಬಿಡಿಸಿ ಹೇಳಿ.

ಗೆರೆಗಾರ:

ನಿಂಬೆಹಣ್ಣಿನ ನೆರಳು ಎಡಕ್ಕೆ ಬಿದ್ದಿದೆ, ಚೊಂಬಿನದು ಬಲಕ್ಕೆ. ಬೆಲ್ಲಕ್ಕೆ ನೆರಳೇ ಇಲ್ಲ. ರೂಮಿನಲ್ಲಿ ಎಷ್ಟು ಲೈಟ್ ಉರಿಯುತ್ತಿತ್ತು?

ಮಂಡ್ಯ_ಪೆನ್ಸಿಲ್:

ಎರಡು ಟ್ಯೂಬ್‌ಲೈಟ್. ಪಕ್ಕದಲ್ಲಿ ಕಿಟಕಿಯೂ ತೆರೆದಿತ್ತು.

ಗೆರೆಗಾರ:

ಮೊದಲು ಎರಡೂ ಆರಿಸಿ. ಕಿಟಕಿ ಬೆಳಕು ಒಂದೇ ಸಾಕು. ರಾತ್ರಿ ಬರೆಯುವುದಾದರೆ ಕಿಟಕಿ ಮುಚ್ಚಿ, ಒಂದೇ ಟೇಬಲ್ ಲ್ಯಾಂಪ್ ಎಡಗಡೆ ಸ್ವಲ್ಪ ಎತ್ತರದಲ್ಲಿಡಿ. ಮೂರು ಕಡೆಯಿಂದ ಬೆಳಕು ಬಂದರೆ ಒಂದರ ನೆರಳನ್ನು ಇನ್ನೊಂದು ತಿಂದುಹಾಕುತ್ತೆ. ಉಳಿದ ನೆರಳುಗಳಿಗೆ ದಿಕ್ಕೇ ಇರಲ್ಲ. ಅದನ್ನು ನೋಡಿಕೊಂಡು ಬರೆದರೆ ಎಂಥವರಿಗೂ ಆಳ ಬರಲ್ಲ.

ಡ್ರಾಯಿಂಗ್_ಮೇಷ್ಟ್ರು:

ಗೆರೆಗಾರರು ಹೇಳಿದ್ದು ಸರಿ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟವನು, ಈಗ ನಿವೃತ್ತ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ ಕಣಮ್ಮಾ, ನಿಧಾನವಾಗಿ ಓದು.

ನಿನ್ನ ಚಿತ್ರದಲ್ಲಿ ಅಂಚಿನ ಸುತ್ತಲೂ ಕಪ್ಪು ಇದೆ. ಸುತ್ತಲೂ ಅಂಚು ಕಪ್ಪಾಗಿ ಮಧ್ಯ ಬೆಳ್ಳಗಿರಬೇಕಾದರೆ ಬೆಳಕು ನಿನ್ನ ಹಣೆಯ ಕಡೆಯಿಂದಲೇ ಹೋಗಬೇಕು. ಕ್ಯಾಮೆರಾದ ಫ್ಲ್ಯಾಶ್ ಬಿದ್ದಾಗ ಮುಖ ಚಪ್ಪಟೆಯಾಗಿ ಕಾಣುವುದೂ ಇದೇ ಕಾರಣಕ್ಕೆ. ಬೆಳಕು ಪಕ್ಕದಿಂದ ಬರಬೇಕು. ಆಗ ಮಾತ್ರ ಒಂದು ಮಗ್ಗುಲು ಬೆಳಕಿಗೆ, ಒಂದು ಮಗ್ಗುಲು ನೆರಳಿಗೆ ಅಂತ ಪಾಲಾಗುತ್ತೆ.

ಚೊಂಬನ್ನು ಸದ್ಯಕ್ಕೆ ಪಕ್ಕಕ್ಕಿಡು. ಒಂದೇ ಒಂದು ನಿಂಬೆಹಣ್ಣು ಇಟ್ಟುಕೋ. ಎಡಗಡೆ ಮೇಲಿಂದ ಬೆಳಕು ಬರಲಿ. ಈಗ ಹಣ್ಣಿನ ಮೈಮೇಲೆ ಎಡದಿಂದ ಬಲಕ್ಕೆ ಕಣ್ಣು ಓಡಿಸು. ಬೆಳಕಿಗೆ ಎದುರಾಗಿರೋ ಭಾಗ ಬೆಳ್ಳಗೆ. ಮೈ ತಿರುಗುತ್ತಾ ಹೋದಂತೆ ನಿಧಾನಕ್ಕೆ ಮಂಕು. ಒಂದು ಕಡೆ ಬೆಳಕು ಹಣ್ಣನ್ನು ಸವರಿಕೊಂಡು ಹೊರಟುಹೋಗುತ್ತೆ, ಅಲ್ಲಿಂದ ನೆರಳು ಶುರು. ಮೈಮೇಲಿನ ಕಪ್ಪೆಲ್ಲಾ ಗಟ್ಟಿಯಾಗಿ ಕೂರುವುದು ಆ ಪಟ್ಟಿಯಲ್ಲಿ. ಬಲಗಡೆಯ ಅಂಚಿನಲ್ಲಲ್ಲ! ಅಂಚಿನ ಹತ್ತಿರ ಬಂದಂತೆ ನೆರಳು ಮತ್ತೆ ಸ್ವಲ್ಪ ತಿಳಿಯಾಗುತ್ತೆ, ಯಾಕೆಂದರೆ ಬಿಳಿ ಪಂಚೆ ಮೇಲೆ ಬಿದ್ದ ಬೆಳಕು ವಾಪಸ್ ಚಿಮ್ಮಿ ಹಣ್ಣಿನ ಕೆಳಗಿನ ಮೈಯನ್ನು ಬೆಳಗುತ್ತಿರುತ್ತೆ. ಈ ವಾಪಸ್ ಬೆಳಕನ್ನು ಬಿಟ್ಟುಬಿಟ್ಟರೆ ಹಣ್ಣಿಗೆ ಹಿಂಭಾಗ ಇದೆ ಅಂತ ಅನ್ನಿಸೋದೇ ಇಲ್ಲ. ನಿನ್ನ ಚಿತ್ರದಲ್ಲಿ ಇಲ್ಲದೇ ಇರೋದು ಇದೇ.

ಆದರೆ ಇದನ್ನು ಹೆಚ್ಚು ಮಾಡಬಾರದು. ವಾಪಸ್ ಬೆಳಕು ಎಷ್ಟೇ ಇದ್ದರೂ ನೆರಳಿನ ಮನೆಯದೇ. ಬೆಳಕಿನ ಕಡೆಯ ಅತಿ ಮಂಕಾದ ಭಾಗಕ್ಕಿಂತಲೂ ಅದು ಒಂದು ಕೈ ಕಪ್ಪಾಗೇ ಇರಬೇಕು. ಪರೀಕ್ಷೆ ಸುಲಭ. ಕಣ್ಣು ಅರ್ಧ ಮುಚ್ಚಿ ನೋಡು. ನೆರಳಿನ ಭಾಗವೆಲ್ಲಾ ಒಂದೇ ತೇಪೆಯಾಗಿ ಕಂಡರೆ ಸರಿ ಇದೆ. ಒಳಗೆ ಬೆಳಕಿನ ಚುಕ್ಕೆ ಎದ್ದು ಕಂಡರೆ ತಿದ್ದು.

ಇನ್ನು ಪಂಚೆ ಮೇಲೆ ಬೀಳುವ ನೆರಳು. ಹಣ್ಣು ಬಟ್ಟೆಗೆ ತಾಗಿರೋ ಜಾಗದಲ್ಲಿ ಒಂದು ಎಳೆಯಷ್ಟು ಕಡುಗಪ್ಪು ಬರುತ್ತೆ. ಅಲ್ಲಿಗೆ ಯಾವ ಕಡೆಯ ಬೆಳಕೂ ನುಗ್ಗಲ್ಲ. ಅಲ್ಲಿ ನೆರಳಿನ ಅಂಚು ಚೂಪಾಗಿರುತ್ತೆ, ದೂರ ಹೋದಂತೆ ಮಸುಕಾಗಿ ಹರಡುತ್ತೆ. ಇಡೀ ನೆರಳನ್ನು ಒಂದೇ ಕಪ್ಪಿನಲ್ಲಿ ತುಂಬಿಸಿ ಸುತ್ತ ಗೆರೆ ಎಳೆದುಬಿಟ್ಟರೆ, ಹಣ್ಣಿನ ಪಕ್ಕ ಯಾರೋ ಮಸಿ ಚೆಲ್ಲಿದ್ದಾರೆ ಅನ್ನಿಸುತ್ತೆ. ಆ ತಾಗುವ ಜಾಗದ ಕಪ್ಪನ್ನು ಧೈರ್ಯವಾಗಿ ಹಾಕು. ಹಣ್ಣು ಭಾರವಾಗಿ ಕೂರುತ್ತೆ.

ಇದಕ್ಕೆಲ್ಲಾ ಎಚ್‌ಬಿ ಒಂದೇ ಸಾಲದು. ಎಷ್ಟೇ ಒತ್ತಿದರೂ ಬೂದು ಬಣ್ಣಕ್ಕೆ ನಿಂತುಬಿಡುತ್ತೆ, ಕಾಗದ ಮಾತ್ರ ಗುಳಿ ಬೀಳುತ್ತೆ. 2ಬಿ, 4ಬಿ, 6ಬಿ ತಗೋ, ನಂಬರ್ ಏರಿದಷ್ಟೂ ಪೆನ್ಸಿಲ್ ಮೆತ್ತಗೆ, ಕಪ್ಪು ಜಾಸ್ತಿ. ಒಂದು ಹಾಳೆ ಅಂಚಿನಲ್ಲಿ ಐದು ಚೌಕ ಹಾಕು. ಮೊದಲನೆಯದು ಖಾಲಿ ಕಾಗದ, ಕೊನೆಯದು 6ಬಿಯ ಗಟ್ಟಿ ಕಪ್ಪು, ನಡುವೆ ಮೂರು ಮೆಟ್ಟಿಲು. ಚಿತ್ರ ಮುಗಿದಾಗ ಈ ಐದೂ ಒಳಗೆ ಸಿಗಬೇಕು. ನೀನು ಈಗ ಎರಡು, ಮೂರನೇ ಚೌಕದಲ್ಲೇ ಓಡಾಡುತ್ತಿದ್ದೀಯ. ಹೆಚ್ಚಿನ ಮಕ್ಕಳು ಕಪ್ಪಿಗೆ ಹೆದರುತ್ತಾರೆ. ಕಪ್ಪು ಹಾಕದೆ ಬಿಳಿ ಹೊಳೆಯಲ್ಲಮ್ಮಾ. ಕಾಗದಕ್ಕಿಂತ ಬೆಳ್ಳಗಿನದು ನಿನ್ನ ಹತ್ತಿರ ಏನೂ ಇಲ್ಲ. ಉಳಿದದ್ದನ್ನು ಕೆಳಗಿಳಿಸಿದರೆ ಮಾತ್ರ ಅದು ಬೆಳಕಾಗುತ್ತೆ.

ಮಂಡ್ಯ_ಪೆನ್ಸಿಲ್:

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಕಪ್ಪು ಅಂಚಿನಲ್ಲಲ್ಲ, ಒಳಗಡೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಈಗ ಹಣ್ಣು ನೋಡಿದರೆ ನಿಜವಾಗಿಯೂ ಹಾಗೇ ಇದೆ!

ಇದ್ದಿಲುಕಡ್ಡಿ:

ಚೊಂಬಿನ ವಿಷಯಕ್ಕೆ ಬರುತ್ತೇನೆ. ನಿಂಬೆಹಣ್ಣಿನ ಲೆಕ್ಕ ಹಿತ್ತಾಳೆಗೆ ಪೂರ್ತಿ ನಡೆಯಲ್ಲ.

ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದ ಚೊಂಬನ್ನು ಹತ್ತಿರದಿಂದ ನೋಡಿ. ಹೊಟ್ಟೆಯ ಮೇಲೆ ಇರೋದು ಬರೀ ಹೈಲೈಟ್ ಅಲ್ಲ, ನಿಮ್ಮ ಮನೆ ಕಿಟಕಿ. ಬಾಗಿದ ಸಣ್ಣ ಚೌಕ, ಅದರೊಳಗೆ ಸರಳುಗಳ ಗೆರೆ ಕೂಡ ಕಾಣುತ್ತೆ. ಅದರ ಪಕ್ಕದಲ್ಲೇ, ನಡುವೆ ಬೂದು ಇಲ್ಲದೆ, ಒಂದು ಕಪ್ಪು ಪಟ್ಟೆ: ಅದು ಕಿಟಕಿ ಪಕ್ಕದ ಕತ್ತಲೆ ಗೋಡೆ. ಹೊಟ್ಟೆಯ ಕೆಳಗೆ ಅಗಲವಾಗಿ ಬೆಳ್ಳಗಿರೋದು ಪಂಚೆ. ಅದರಲ್ಲೇ ನಿಂಬೆಹಣ್ಣು ಉದ್ದಕ್ಕೆ ಎಳೆದುಕೊಂಡು ನಿಂತಿರುತ್ತೆ. ಕೊರಳಿನ ತಗ್ಗಿನಲ್ಲಿ ಅದೇ ಕಿಟಕಿ ಇನ್ನೊಂದು ಚಿಕ್ಕ ತುಣುಕಾಗಿ ಬರುತ್ತೆ. ಬಾಯಿಯ ಸುತ್ತಿನಲ್ಲಿ ಕೂದಲೆಳೆಯಷ್ಟು ಒಂದು ಮಿಂಚು. ಇವೆಲ್ಲದರ ಅಂಚು ಚೂಪು. ಲೋಹ ಲೋಹವಾಗಿ ಕಾಣಬೇಕಾದರೆ ಬಿಳಿ ಮತ್ತು ಕಪ್ಪು ಹೀಗೆ ಒಂದಕ್ಕೊಂದು ಒತ್ತಿಕೊಂಡಿರಬೇಕು. ನೀವು ಬೆರಳಿನಿಂದ ಎಲ್ಲವನ್ನೂ ಮೆತ್ತಗೆ ಮಾಡಿದ್ದೀರಿ, ಆದ್ದರಿಂದ ಅದು ಮಣ್ಣಿನ ಮಡಕೆ ಅನ್ನಿಸುತ್ತಿದೆ.

ಬೆಲ್ಲಕ್ಕೆ ಉಲ್ಟಾ. ಅದರ ಮೈ ಒರಟು. ಬಿದ್ದ ಬೆಳಕು ನಾಲ್ಕೂ ದಿಕ್ಕಿಗೆ ಚೆದುರಿಹೋಗುತ್ತೆ, ಒಂದೇ ಕಡೆ ಮಿಂಚಲ್ಲ. ಬೆಲ್ಲದ ಮೇಲೆ ನೀವು ಇಟ್ಟಿರೋ ಬಿಳಿ ಚುಕ್ಕೆ ಅಳಿಸಿಬಿಡಿ. ಅದರ ಬದಲು ಮೇಲ್ಮೈ, ಎಡ ಮಗ್ಗುಲು, ಬಲ ಮಗ್ಗುಲು ಮೂರಕ್ಕೂ ಬೇರೆ ಬೇರೆ ಟೋನ್ (ಕಪ್ಪು ಬಿಳುಪಿನ ಮಟ್ಟ) ಕೊಡಿ, ಮುಗಿಯಿತು.

ಇನ್ನೊಂದು ಮುಖ್ಯ ವಿಷಯ. ಬರೆಯುವಾಗ ತಲೆ ಆಡಿಸಬೇಡಿ. ಈಗಲೇ ಬೇಕಾದರೆ ನೋಡಿ, ಚೊಂಬಿನ ಮುಂದೆ ತಲೆಯನ್ನು ಎಡಕ್ಕೆ, ಬಲಕ್ಕೆ ಸರಿಸಿ. ಮಿಂಚು ನಿಮ್ಮ ಜೊತೆ ಚೊಂಬಿನ ಮೈಮೇಲೆ ಓಡಾಡುತ್ತೆ. ನಿಂಬೆಹಣ್ಣಿನ ಮೇಲಿನ ನೆರಳಿನ ಪಟ್ಟಿ ಮಾತ್ರ ಇದ್ದಲ್ಲೇ ಇರುತ್ತೆ. ನೆರಳು ಎಲ್ಲಿ ಅನ್ನೋದನ್ನು ದೀಪ ಮತ್ತು ವಸ್ತು ಎರಡೇ ತೀರ್ಮಾನಿಸುತ್ತವೆ. ಮಿಂಚಿನ ವಿಷಯದಲ್ಲಿ ನಿಮ್ಮ ಕಣ್ಣು ಎಲ್ಲಿದೆ ಅನ್ನೋದೂ ಸೇರಿಕೊಳ್ಳುತ್ತೆ. "ಹೈಲೈಟ್ ಎಲ್ಲಿ ಬರಬೇಕು" ಅಂತ ಕೇಳಿದಿರಲ್ಲ, ನೀವು ಎಲ್ಲಿ ಕೂತಿದ್ದೀರಿ ಅಂತ ಗೊತ್ತಾಗದೆ ಯಾರೂ ಅದನ್ನು ಹೇಳಲಾರರು. ಕೂತ ಜಾಗದಿಂದ ನೋಡಿ, ಕಂಡಲ್ಲೇ ಗುರುತು ಮಾಡಿಕೊಳ್ಳಿ. ಮೊದಲಿನಿಂದಲೇ ಆ ಜಾಗ ಬಿಟ್ಟುಕೊಂಡು ಬನ್ನಿ.

ಗೆರೆಗಾರ:

ಎಲ್ಲಾ ಒಪ್ಪಿದೆ. ಉಜ್ಜುವುದರ ಬಗ್ಗೆ ಒಂದು ಮಾತು. ಬೆರಳು ಬೇಡ, ಚರ್ಮದ ಎಣ್ಣೆ ಕಾಗದಕ್ಕೆ ಹಿಡಿಯುತ್ತೆ, ಆಮೇಲೆ ರಬ್ಬರ್ ಹಾಕಿದರೂ ಕಲೆ ಹೋಗಲ್ಲ. ಆದರೆ ಟಿಶ್ಯೂ ಪೇಪರ್ ಅಥವಾ ಬ್ಲೆಂಡಿಂಗ್ ಸ್ಟಂಪ್ (ಉಜ್ಜಲು ಬಳಸುವ ಕಾಗದದ ಸುರುಳಿ ಕಡ್ಡಿ) ಬಳಸಿದರೆ ತಪ್ಪೇನಿಲ್ಲ. ಪಂಚೆಯ ಮಡಿಕೆಗಳಿಗೆ ಅದು ಚೆನ್ನಾಗಿರುತ್ತೆ.

ಇದ್ದಿಲುಕಡ್ಡಿ:

ಕಲಿಯುವವರಿಗೆ ಅದೂ ಬೇಡ ಅಂತ ನನ್ನ ಅಭಿಪ್ರಾಯ. ಉಜ್ಜಿದರೆ ಟೋನ್ ನಯವಾಗುತ್ತೆ ನಿಜ, ಆದರೆ ಮೈ ಯಾವ ಕಡೆ ತಿರುಗುತ್ತಿದೆ ಅನ್ನೋ ಯೋಚನೆಯೇ ನಿಂತುಹೋಗುತ್ತೆ. ಗೆರೆಯಲ್ಲೇ ಶೇಡ್ ಮಾಡಿ. ಹೊಟ್ಟೆ ಹೇಗೆ ಬಾಗಿದೆಯೋ ಗೆರೆಯೂ ಹಾಗೇ ಬಾಗಲಿ. ಜರ್ಮನ್ ಕಲಾವಿದ ಡ್ಯೂರರ್ ತಾಮ್ರದ ತಗಡಿನಲ್ಲಿ ಕೊರೆದ ಚಿತ್ರಗಳನ್ನು ನೋಡಿ, ಬೂದು ಬಣ್ಣ ಅನ್ನೋದೇ ಇಲ್ಲ. ಬರೀ ಗೆರೆ. ಗೆರೆ ಒತ್ತಾದಲ್ಲಿ ನೆರಳು, ಬಿಡಿಯಾದಲ್ಲಿ ಬೆಳಕು. ಆದರೂ ತೋಳು ತೊಡೆ ಎಲ್ಲಾ ತುಂಬಿಕೊಂಡು ನಿಲ್ಲುತ್ತವೆ.

ಗೆರೆಗಾರ:

ಅದು ಕೊರೆಯುವ ಕೆಲಸ, ಅಲ್ಲಿ ಉಜ್ಜಲು ಆಗುವುದಿಲ್ಲ. ಪೆನ್ಸಿಲ್ ಬೇರೆ ವಸ್ತು. ನನಗೆ ಎರಡೂ ಕಲಿಯುವುದು ಒಳ್ಳೆಯದು ಅನ್ನಿಸುತ್ತೆ.

ಡ್ರಾಯಿಂಗ್_ಮೇಷ್ಟ್ರು:

ಮೊದಲು ಗೆರೆ, ಆಮೇಲೆ ಸ್ಟಂಪ್. ನಾನು ಮಕ್ಕಳಿಗೆ ಈ ಕ್ರಮದಲ್ಲೇ ಕೊಡುತ್ತಿದ್ದೆ.

ಒಂಟಿಕೊಪ್ಪಲ್_ಸ್ಕೆಚ್:

ಮಂಡ್ಯದವರು ಅಂದರೆ ಮೈಸೂರು ಹತ್ತಿರವೇ ಆಯಿತು. ಒಮ್ಮೆ ಜಗನ್ಮೋಹನ ಅರಮನೆಗೆ ಹೋಗಿ, ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಸುಮ್ನೆ ನಿಂತುಕೊಳ್ಳಿ. ನೆರಳು ಬೆಳಕಿಗೆ ಅದಕ್ಕಿಂತ ಒಳ್ಳೆಯ ಪಾಠ ನಮ್ಮ ಊರಿನಲ್ಲಿ ಇಲ್ಲ.

ಟ್ಯಾಬ್_ಚಿತ್ರ:

ರವಿವರ್ಮನ ಚಿತ್ರ ಅಲ್ವಾ ಅದು?

ಒಂಟಿಕೊಪ್ಪಲ್_ಸ್ಕೆಚ್:

ತುಂಬಾ ಜನ ಹಾಗೇ ತಿಳಿದಿದ್ದಾರೆ. ಅಲ್ಲ. ಅದು ಎಸ್. ಎಲ್. ಹಲ್ದಂಕರ್ ಅವರದು, 1945-46ರಲ್ಲಿ ಬರೆದದ್ದು. ರವಿವರ್ಮ 1906ರಲ್ಲೇ ತೀರಿಕೊಂಡಿದ್ದರು. ಹಲ್ದಂಕರ್ ತಮ್ಮ ಮಗಳನ್ನೇ ನಿಲ್ಲಿಸಿ ಬರೆದರು. ಇನ್ನೂ ಒಂದು ವಿಷಯ, ಅದು ಎಣ್ಣೆ ಬಣ್ಣವಲ್ಲ, ಜಲವರ್ಣ. ಜಲವರ್ಣದಲ್ಲಿ ಒಮ್ಮೆ ಕಪ್ಪಾದದ್ದನ್ನು ಮತ್ತೆ ಬೆಳ್ಳಗೆ ಮಾಡುವುದು ಬಲು ಕಷ್ಟ. ಬೆಳಕು ಎಲ್ಲೆಲ್ಲಿ ಉಳಿಯಬೇಕು ಅಂತ ಮೊದಲೇ ಗೊತ್ತಿರಬೇಕು.

ಆ ಚಿತ್ರದಲ್ಲಿ ನೋಡಬೇಕಾದದ್ದು ಜ್ವಾಲೆಯನ್ನಲ್ಲ, ಅದಕ್ಕೆ ಅಡ್ಡ ಹಿಡಿದ ಕೈಯನ್ನು. ದೀಪದ ಬೆಳಕು ಬೆರಳುಗಳ ಮಾಂಸದ ಒಳಗಿಂದ ಹಾದು ಕೆಂಪಾಗಿ ಹೊರಬರುತ್ತೆ. ಕತ್ತಲಲ್ಲಿ ಟಾರ್ಚ್ ಮೇಲೆ ಅಂಗೈ ಇಟ್ಟರೆ ನಿಮಗೂ ಇದೇ ಕಾಣುತ್ತೆ. ಬೆಳಕು ಕೆಳಗಿಂದ ಬರೋದರಿಂದ ಗಲ್ಲ, ಮೂಗಿನ ಅಡಿ ಎಲ್ಲಾ ಬೆಳಗುತ್ತವೆ. ನಾವು ದಿನಾ ನೋಡುವ ಮುಖದಲ್ಲಿ ಅವೇ ನೆರಳಿನ ಜಾಗಗಳು. ಸುತ್ತಲೂ ದೊಡ್ಡ ಕತ್ತಲೆ ಬಿಟ್ಟಿದ್ದಾರೆ. ಆ ಕತ್ತಲೆ ಇಲ್ಲದಿದ್ದರೆ ಅಷ್ಟು ಸಣ್ಣ ದೀಪಕ್ಕೆ ಅಷ್ಟೊಂದು ಬೆಳಕು ಎಲ್ಲಿಂದ ಬರಬೇಕು?

ಚಿನ್ನದ_ರೇಕು:

ನಾನು ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ ಮಾಡುವವಳು. ಇಲ್ಲಿ ಎಲ್ಲರೂ ಚಪ್ಪಟೆ ಅನ್ನೋದನ್ನು ದೋಷ ಅಂತಲೇ ಮಾತಾಡುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಚಿತ್ರಗಳಲ್ಲಿ ದೇವಿಯ ನೆರಳು ನೆಲದ ಮೇಲೆ ಬೀಳಲ್ಲ. ಮುಖಕ್ಕೆ ತೆಳುವಾಗಿ ಛಾಯೆ ಕೊಡುತ್ತೇವೆ, ಅಷ್ಟೇ. ಇಂಥ ದಿಕ್ಕಿನಿಂದ ಬೆಳಕು ಬರುತ್ತಿದೆ ಅನ್ನೋ ಲೆಕ್ಕವೇ ಇಲ್ಲ. ಉಬ್ಬು ಬರೋದು ಗೆಸ್ಸೋ ಕೆಲಸದಿಂದ. ಮಕ್ಕಿ ಸಫೇದಾ ಅನ್ನೋ ಬಿಳಿ ಪುಡಿ, ರೇವಲ್ ಚಿನ್ನಿ ಅನ್ನೋ ಹಳದಿ ಮರದಂಟು, ಗೋಂದು ಸೇರಿಸಿದ ಹದದಲ್ಲಿ ಆಭರಣ, ಪ್ರಭಾವಳಿಗಳನ್ನು ಎಳೆ ಎಳೆಯಾಗಿ ಎತ್ತರಿಸಿ, ಮೇಲೆ ಚಿನ್ನದ ರೇಕು ಕೂರಿಸುತ್ತೇವೆ. ತಂಜಾವೂರಿನಷ್ಟು ದಪ್ಪ ಅಲ್ಲ, ತೀರಾ ಸಣ್ಣ ಉಬ್ಬು. ಅದರ ಮೇಲೆ ಕೋಣೆಯ ನಿಜವಾದ ಬೆಳಕು ಬಿದ್ದು ನಿಜವಾದ ಮಿಂಚೇ ಬರುತ್ತೆ. ಇದ್ದಿಲುಕಡ್ಡಿಯವರು ಹೇಳಿದ ಓಡಾಡುವ ಹೈಲೈಟ್ ನಮ್ಮ ಚಿತ್ರದಲ್ಲಿ ನೋಡುವವರ ಜೊತೆ ನಿಜವಾಗಿ ಓಡಾಡುತ್ತೆ.

ವಸ್ತುಚಿತ್ರಕ್ಕೆ ಆಳ ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಆಳವಿಲ್ಲದ್ದು ಕಲೆಯಲ್ಲ ಅಂತ ಹುಡುಗಿಯ ತಲೆಗೆ ಹೋಗಬಾರದು.

ಡ್ರಾಯಿಂಗ್_ಮೇಷ್ಟ್ರು:

ನ್ಯಾಯವಾದ ಮಾತು ತಾಯಿ. ಬೇಕೆಂದೇ ಚಪ್ಪಟೆಯಾಗಿ ಇಡುವವರಿಗೂ ಬೆಳಕಿನ ಪರಿಚಯ ಇರಲಿ ಅಂತ ನನ್ನ ಆಸೆ, ಅಷ್ಟೇ.

ಒಂಟಿಕೊಪ್ಪಲ್_ಸ್ಕೆಚ್:

ಹೊರಗೆ ಕೂತು ಬರೆಯುವುದಕ್ಕೆ ಸೋಮನಾಥಪುರ ಹೇಳಿ ಮಾಡಿಸಿದ ಜಾಗ. 13ನೇ ಶತಮಾನದ ಹೊಯ್ಸಳ ದೇವಸ್ಥಾನ, ಬಳಪದ ಕಲ್ಲು, ಮೈಸೂರಿನಿಂದ ಸುಮಾರು 35 ಕಿ.ಮೀ. ಗೋಡೆ ನಕ್ಷತ್ರದ ಮೂಲೆಗಳಾಗಿ ಮುರಿದುಕೊಂಡು ಹೋಗುತ್ತೆ, ಅದರಿಂದ ಒಂದೇ ಹೊತ್ತಿನಲ್ಲಿ ಒಂದು ಮುಖಕ್ಕೆ ಪೂರ್ತಿ ಬಿಸಿಲು, ಪಕ್ಕದ್ದಕ್ಕೆ ಸವರುವ ಬಿಸಿಲು, ಆಚೆಯದಕ್ಕೆ ನೆರಳು ಸಿಗುತ್ತೆ. ಸವರುವ ಬಿಸಿಲು ಬಿದ್ದ ಗೋಡೆ ಹಿಡಿಯಿರಿ. ಮೂರ್ತಿಯ ಒಂದೊಂದು ಹಾರವೂ ತನ್ನ ಕೆಳಗೆ ಒಂದು ನೆರಳಿನ ಗೆರೆ ಹಾಕಿಕೊಂಡಿರುತ್ತೆ. ಒಳಗೆ ಕಡೆದ ದುಂಡು ಕಂಬಗಳಿವೆ. ನಯವಾದ ಕಲ್ಲಿನ ಮೇಲೆ ಬಾಗಿಲ ಬೆಳಕು ಉದ್ದುದ್ದಕ್ಕೆ ಪಟ್ಟೆಯಾಗಿ ಇಳಿದಿರುತ್ತೆ. ಚೊಂಬಿಗೆ ಒಳ್ಳೆಯ ತಯಾರಿ.

ಅಲ್ಲಿ ತೆಗೆದ ಒಂದು ಫೋಟೋವನ್ನು ಮೊಬೈಲ್‌ನಲ್ಲಿ ತಲೆಕೆಳಗು ಮಾಡಿ ನೋಡಿ. ಸಣ್ಣ ಸಣ್ಣ ಹೂವಿನ ಕೆತ್ತನೆ ಎಷ್ಟೋ ಸಲ ಉಬ್ಬಿನ ಬದಲು ಗುಳಿಯಾಗಿ ಕಾಣುತ್ತೆ. ಬೆಳಕು ಮೇಲಿಂದ ಬರುತ್ತೆ ಅಂತ ನಮ್ಮ ಮಿದುಳು ನಂಬಿಕೊಂಡು ಕೂತಿರುತ್ತೆ. ಬರೀ ಶೇಡಿಂಗ್‌ನಿಂದ ಉಬ್ಬು ತಗ್ಗು ಹೇಗೆ ಕಾಣುತ್ತೆ ಅಂತ ಮಿದುಳು ವಿಜ್ಞಾನಿ ವಿ. ಎಸ್. ರಾಮಚಂದ್ರನ್ 1988ರಲ್ಲಿ ಪ್ರಯೋಗ ಮಾಡಿ ಬರೆದಿದ್ದಾರೆ.

ಮೈಸೂರು ಅರಮನೆ ಬರೆಯುವುದಾದರೆ ಹೊತ್ತು ನೋಡಿಕೊಂಡು ಹೋಗಿ. ಮುಂಭಾಗ ಪೂರ್ವಕ್ಕಿದೆ. ಬೆಳಿಗ್ಗೆ ಬೇಗ ಹೋದರೆ ಬಿಸಿಲು ನೇರ ಮುಖಕ್ಕೆ ಹೊಡೆದು ಕಮಾನುಗಳ ಆಳ ಕಾಣಲ್ಲ. 10-11 ಗಂಟೆಗೆ ಸೂರ್ಯ ಮೇಲೇರಿದಾಗ ಕಮಾನಿನೊಳಗೆ ಗಾಢ ನೆರಳು ಕೂರುತ್ತೆ, ಆಗ ಬರೆಯಿರಿ. ಭಾನುವಾರ ಸಂಜೆ ದೀಪ ಹಾಕಿದಾಗ ನೋಡೋಕೆ ಬಲು ಚಂದ, ಶೇಡಿಂಗ್ ಕಲಿಯೋಕಲ್ಲ. ಬಲ್ಬುಗಳು ಅಂಚನ್ನಷ್ಟೇ ಗುರುತು ಮಾಡುತ್ತವೆ. ಬರೀ ಔಟ್‌ಲೈನ್.

ಟ್ಯಾಬ್_ಚಿತ್ರ:

ಬಣ್ಣಕ್ಕೆ ಬಂದಾಗ ಉಪಯೋಗ ಆಗಬಹುದು. ನೆರಳಿಗೆ ಬರೀ ಕಪ್ಪು ಬೆರೆಸಬೇಡಿ, ಕೊಳೆ ಕೊಳೆ ಕಾಣುತ್ತೆ. ನಿಂಬೆಹಣ್ಣಿನ ನೆರಳಿನ ಮೈ ಹಸಿರು ಕಂದು ಕಡೆಗೆ ವಾಲಿರುತ್ತೆ. ನಿಂಬೆಹಣ್ಣಿನ ಮಿಂಚು ಬಿಳಿ, ಅಂದರೆ ದೀಪದ್ದೇ ಬಣ್ಣ. ಹಿತ್ತಾಳೆಯ ಮಿಂಚಿಗೆ ಮಾತ್ರ ಹಳದಿ ಸೇರಿರುತ್ತೆ, ಲೋಹ ತನ್ನ ಬಣ್ಣವನ್ನು ಮಿಂಚಿಗೂ ಹಚ್ಚುತ್ತೆ. ನಾನು ಟ್ಯಾಬ್‌ನಲ್ಲಿ ಬರೆಯುವಾಗ ನೆರಳಿಗೆ ಬೇರೆ ಲೇಯರ್ ಇಟ್ಟು ಮಲ್ಟಿಪ್ಲೈ (ಕೆಳಗಿನ ಬಣ್ಣವನ್ನು ಗಾಢ ಮಾಡುವ ಆಯ್ಕೆ) ಹಾಕುತ್ತೇನೆ, ಕಡಿಮೆ ಜಾಸ್ತಿ ಮಾಡೋದು ಸುಲಭ.

ಕಣ್ಣನ್ನು ಪೂರ್ತಿ ನಂಬಬೇಡಿ. ದೃಷ್ಟಿ ವಿಜ್ಞಾನಿ ಎಡ್ವರ್ಡ್ ಅಡೆಲ್ಸನ್ 1995ರಲ್ಲಿ ಮಾಡಿದ ಚದುರಂಗದ ಹಾಸಿನ ಚಿತ್ರ ನೆಟ್‌ನಲ್ಲಿ ಸಿಗುತ್ತೆ. ಹಾಸಿನ ಮೇಲೆ ಒಂದು ಸಿಲಿಂಡರ್‌ನ ನೆರಳು ಬಿದ್ದಿದೆ. ನೆರಳಿನೊಳಗಿನ ಬಿಳಿ ಚೌಕ, ಹೊರಗಿನ ಕಪ್ಪು ಚೌಕ ಎರಡೂ ಅಚ್ಚುಕಟ್ಟಾಗಿ ಒಂದೇ ಬೂದು. ಎಷ್ಟು ನೋಡಿದರೂ ನಂಬಿಕೆ ಬರಲ್ಲ! ನಿಮ್ಮ ಪಂಚೆಯಲ್ಲೂ ಇದೇ ಆಗುತ್ತೆ. ಪಂಚೆ ಬಿಳಿ ಅಂತ ಗೊತ್ತಿರೋದರಿಂದ ಅದರ ಮೇಲಿನ ನೆರಳನ್ನೂ ಬೆಳ್ಳಗೇ ಬಿಡುತ್ತೀರಿ. ಒಂದು ಕಾರ್ಡಿನಲ್ಲಿ ಎರಡು ತೂತು ಮಾಡಿ. ಒಂದರಲ್ಲಿ ನೆರಳಿನ ಪಂಚೆ, ಇನ್ನೊಂದರಲ್ಲಿ ಬೆಳಕಿನ ಕಡೆಯ ನಿಂಬೆಹಣ್ಣು ಬರುವಂತೆ ಹಿಡಿದು ನೋಡಿ. ಯಾವುದು ಕಪ್ಪು ಅಂತ ಆಗ ಗೊತ್ತಾಗುತ್ತೆ.

ಮಂಡ್ಯ_ಪೆನ್ಸಿಲ್:

ಎಲ್ಲರಿಗೂ ಮತ್ತೆ ನಮಸ್ಕಾರ. ಹೊಸ ಚಿತ್ರ ಹಾಕಿದ್ದೇನೆ. ಕಿಟಕಿ ಬೆಳಕು ಒಂದೇ, 6ಬಿ ತಂದುಕೊಂಡೆ, ಬೆರಳು ಮುಟ್ಟಿಸಿಲ್ಲ. ಕಾರ್ಡಿನ ತೂತಿನಲ್ಲಿ ನೋಡಿದೆ, ನಿಜವಾಗಿಯೂ ಪಂಚೆಯ ನೆರಳು ನಿಂಬೆಹಣ್ಣಿಗಿಂತ ಕಪ್ಪು! ನಿಂಬೆಹಣ್ಣು ಕೂತಿದೆ ಅನ್ನಿಸುತ್ತೆ. ಚೊಂಬಿನಲ್ಲಿ ಕಿಟಕಿ ಸರಳೂ ಬಂದಿದೆ.

ಎರಡು ಪ್ರಶ್ನೆ. ಚೊಂಬಿನ ಬಾಯಿಯ ಸಣ್ಣ ಮಿಂಚನ್ನು ಬಿಡೋದು ಮರೆತುಹೋಯಿತು, ಬಿಳಿ ಜೆಲ್ ಪೆನ್ ಹಾಕಬಹುದಾ? ಮತ್ತೆ ಚೊಂಬಿನ ಬಲಗಡೆ ಅಂಚು ಹಿಂದಿನ ಕತ್ತಲೆಯಲ್ಲಿ ಕಾಣದೇ ಹೋಗುತ್ತಿದೆ. ಅಲ್ಲಿ ಒಂದು ಗೆರೆ ಎಳೆಯಲಾ?

ಇದ್ದಿಲುಕಡ್ಡಿ:

ತುಂಬಾ ಮುಂದೆ ಬಂದಿದ್ದೀರಿ! ಜೆಲ್ ಪೆನ್ ಬೇಡ. ಅದರ ಬಿಳಿ ಕಾಗದದ ಬಿಳಿಯ ಜೊತೆ ಹೊಂದಲ್ಲ, ಅಂಟಿಸಿದಂತೆ ಎದ್ದು ಕಾಣುತ್ತೆ. ಕ್ನೀಡೆಬಲ್ ರಬ್ಬರ್ (ಹಿಟ್ಟಿನಂತೆ ನಾದಬಹುದಾದ ಮೆತ್ತನೆ ರಬ್ಬರ್) ತಗೊಂಡು ತುದಿಯನ್ನು ಚೂಪಾಗಿ ಹಿಸುಕಿ, ಉಜ್ಜದೆ ಒತ್ತಿ ಎತ್ತಿ. 6ಬಿ ಇರೋ ಜಾಗದಲ್ಲಿ ಪೂರ್ತಿ ಬರಲ್ಲ, 2ಬಿ ಇದ್ದರೆ ಬರುತ್ತೆ.

ಗೆರೆಗಾರ:

ಬಣ್ಣದ ಕಾಗದದ ಮೇಲೆ ಬರೆದಾಗ ಬಿಳಿ ಪೆನ್ಸಿಲ್, ಜೆಲ್ ಪೆನ್ ಎಲ್ಲಾ ಸರಿಯೇ. ಬಿಳಿ ಹಾಳೆಗೆ ಇದ್ದಿಲುಕಡ್ಡಿಯವರು ಹೇಳಿದ್ದೇ ಸರಿ.

ಡ್ರಾಯಿಂಗ್_ಮೇಷ್ಟ್ರು:

ಗೆರೆ ಎಳೆಯಬೇಡ ಕಣಮ್ಮಾ. ನೆರಳಿನ ಚೊಂಬು, ಹಿಂದೆ ಕತ್ತಲೆ, ಎರಡೂ ಒಂದೇ ಟೋನ್ ಆದರೆ ಅಂಚು ಕರಗಲೇಬೇಕು. ನೋಡುವವರ ಕಣ್ಣೇ ಅದನ್ನು ಪೂರ್ತಿ ಮಾಡಿಕೊಳ್ಳುತ್ತೆ. ಅಲ್ಲಿ ಗೆರೆ ಎಳೆದರೆ ಹಿಂದಕ್ಕೆ ತಿರುಗಿದ ಮಗ್ಗುಲು ಮತ್ತೆ ಮುಂದಕ್ಕೆ ಬಂದುಬಿಡುತ್ತೆ. ಎಡ ಅಂಚು ಚೂಪಾಗಿದೆ, ಬಲ ಅಂಚು ಕರಗಿದೆ, ನಿನ್ನ ಚೊಂಬು ದುಂಡಗೆ ಕಾಣುತ್ತಿರೋದೇ ಅದರಿಂದ. ಬೆಲ್ಲದ ಮೇಲ್ಮೈ ಇನ್ನೂ ಒಂದು ಮೆಟ್ಟಿಲು ತಿಳಿ ಬೇಕು. ಅದೊಂದು ತಿದ್ದಿ ಹಾಕು.

ಮಂಡ್ಯ_ಪೆನ್ಸಿಲ್:

ಸರಿ ಮೇಷ್ಟ್ರೇ, ಗೆರೆ ಎಳೆಯಲ್ಲ. ಬೆಲ್ಲ ತಿದ್ದಿ ನಾಳೆ ಹಾಕುತ್ತೇನೆ.